ಮಡಿಲಿನ ಎರಕ

ಎರಕದ ಮನೆಯಲ್ಲಿ ಅವಳನ್ನು ಎಲ್ಲರೂ ತೋಟದಕ್ಕ ಎಂದು ಕರೆಯುತ್ತಿದ್ದರು. ಹೊಸಬರು ಕೇಳಿದರೆ ಈಕೆಗೆ ಎಲ್ಲೋ ಒಂದು ಹೂವಿನ ತೋಟವಿದೆ ಎಂದುಕೊಳ್ಳುತ್ತಿದ್ದರು. ಅವಳ ಪಾಲಿಗೆ ಬಂದದ್ದು ಗಿಡಮರಗಳ ತೋಟವಲ್ಲ, ಬಂದೂಕು ಫಿರಂಗಿಗಳ ತೋಟಾ. ಯುದ್ಧ ನಿಂತು ಒಂಬತ್ತು ವರ್ಷವಾಗಿದ್ದರೂ ಹೊಲದ ಬದುಗಳಲ್ಲಿ, ಚರಂಡಿಗಳಲ್ಲಿ, ಮನೆಗಳ ಅಟ್ಟದ ಮೇಲೆ ಹಿತ್ತಾಳೆಯ ತೋಟಾಗಳು ಸಿಗುತ್ತಲೇ ಇದ್ದವು. ಅವೆಲ್ಲ ಲಾರಿಯಲ್ಲಿ ಬಂದು ಅವಳ ಮುಂದೆ ರಾಶಿ ಬೀಳುತ್ತಿದ್ದವು. ಒಂದೊಂದನ್ನೂ ಕೈಗೆತ್ತಿಕೊಂಡು, ನಿಜಕ್ಕೂ ಖಾಲಿಯೇ ಎಂದು ನೋಡಿ ಬುಟ್ಟಿಗೆ ಹಾಕುವುದು ಅವಳ ಕೆಲಸ. ಹೆಸರಿಟ್ಟವನು ಉದ್ದಣ್ಣ. ಕುಲುಮೆಗೆ ಗಾಳಿ ಊದುವ ಬ್ಲೋವರ್ ಅವನ ಕೈಯಲ್ಲಿತ್ತು. ಬಾಗಿಲಿಗೆ ತಲೆ ತಗ್ಗಿಸದೆ ಒಳಗೆ ಬರಲಾಗದಷ್ಟು ಎತ್ತರದ ಆಳು.

“ತೋಟದಕ್ಕ, ಇವತ್ತು ಎಷ್ಟು ಹೂವು ಬಿಡಿಸಿದೆ?” ಎಂದು ಅವನು ದಿನಾ ಕೇಳುತ್ತಿದ್ದ. ಅವಳು ದಿನಾ ನಗುತ್ತಿದ್ದಳು. ಆ ನಗು ತುಟಿಯಿಂದ ಕೆಳಗೆ ಇಳಿಯುತ್ತಿರಲಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಅವಳಿಗೆ ಹೆದರಿಕೆ. ಎಂಟು ತಿಂಗಳಿನಿಂದ, ಬೆಳಿಗ್ಗೆ ಕೆಲಸಕ್ಕೆ ಕೂತಾಗಿನಿಂದ ಸಂಜೆ ಕೈ ತೊಳೆಯುವವರೆಗೂ ಹೆದರಿಕೆ. ಮನೆಯಲ್ಲಿ ಪಾತ್ರೆಯ ಮುಚ್ಚಳ ಕೆಳಗೆ ಬಿದ್ದರೆ ಗೋಡೆಗೆ ಆತು ನಿಲ್ಲುತ್ತಿದ್ದಳು. ಯುದ್ಧದ ಕೊನೆಯ ವರ್ಷ ಸಂತೆಯ ಮೇಲೆ ಗುಂಡು ಬಿದ್ದ ದಿನ ಅವಳ ಗಂಡ ಮನೆಗೆ ಮರಳಲಿಲ್ಲ. ಅವನ ಜೊತೆಗೇ ಹೋಗಿದ್ದ ಅವನ ಅಣ್ಣ ಮರಳಿದ, ಆದರೆ ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಅರ್ಧ ಉಳಿದಿತ್ತು. ಆ ಭಾವನೇ ಈ ಎರಕದ ಮನೆಯ ಮೇಸ್ತ್ರಿ. ಅವಳನ್ನೂ ಅವಳ ಮಗಳನ್ನೂ ಅಂದಿನಿಂದ ಅವನೂ ಅವನ ಹೆಂಡತಿಯೂ ತಮ್ಮ ಮನೆಯಲ್ಲೇ ಇಟ್ಟುಕೊಂಡಿದ್ದರು. ಅವನೇ ಕರೆದು, “ಬೇರೆಯವರ ಕಣ್ಣು ನಂಬಲ್ಲ ನಾನು. ನೀನು ನೋಡಿದ್ದು ಮಾತ್ರ ನನ್ನ ಮೂಸೆಗೆ ಹೋಗ್ಬೇಕು” ಎಂದಾಗ ಆಗುವುದಿಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಎರಕ ಹೊಯ್ಯುತ್ತಿದ್ದದ್ದು ಶಾಂತಿಯ ಸ್ಮಾರಕಕ್ಕೆ. ಯುದ್ಧದಲ್ಲಿ ಊರನ್ನು ಎರಡು ಭಾಗ ಮಾಡಿದ್ದ ಹೊಳೆಯ ಸೇತುವೆಯ ನಡುವೆ, ಆಳಿಗಿಂತ ಎರಡು ಪಟ್ಟು ದೊಡ್ಡದಾಗಿ, ಕಾಲು ಮಡಿಸಿ ಕೂತ ಒಬ್ಬ ಹೆಂಗಸು. ಕೈಯಲ್ಲಿ ಪಾರಿವಾಳವಿಲ್ಲ, ಎಲೆಯ ಗೊಂಚಲಿಲ್ಲ. ಮಡಿಲು ಮಾತ್ರ ಅಗಲ. ದಾರಿಹೋಕರು ಹತ್ತಿ ಕೂರುವಷ್ಟು, ನಾಲ್ಕು ಮಕ್ಕಳು ಮಲಗುವಷ್ಟು. ಮೂರ್ತಿಯ ಶಿಲ್ಪಿ ಐವತ್ತು ದಾಟಿದ, ಬಾಬ್ ಕೂದಲಿನ ಹೆಂಗಸು. ಕೆಲಸ ಶುರುವಾದ ದಿನ ಎರಕದ ಮನೆಯ ಗೋಡೆಗೆ ಒಂದಷ್ಟು ಚಿತ್ರ ಅಂಟಿಸಿದ್ದರು. ಬೇರೆ ಬೇರೆ ದೇಶಗಳಲ್ಲಿ ಶಾಂತಿಗೆಂದು ಕಟ್ಟಿದವು. ನಳಿಗೆಗೆ ಗಂಟು ಹಾಕಿದ ಒಂದು ಪಿಸ್ತೂಲು. ಕಾಗದದ ಹಕ್ಕಿ ಎತ್ತಿ ಹಿಡಿದ ಹುಡುಗಿ. ನಾಣ್ಯಗಳನ್ನು ಕರಗಿಸಿ ಮಾಡಿದ ಒಂದು ಗಂಟೆ. ಗಂಟು ಬಿದ್ದ ಪಿಸ್ತೂಲನ್ನು ನೋಡಿ ಉದ್ದಣ್ಣ, “ಇದನ್ನ ಬಿಚ್ಚೋಕೆ ಯಾವನೋ ಒಬ್ಬ ಬಂದೇ ಬರ್ತಾನೆ ನೋಡ್ತಿರಿ” ಎಂದಿದ್ದ. ಶಿಲ್ಪಿ ನಕ್ಕಿರಲಿಲ್ಲ. ತೋಟದಕ್ಕ ಮಾತ್ರ ಆ ಚಿತ್ರಗಳನ್ನು ನೋಡಿದಾಗಲೆಲ್ಲ ಬೇರೊಂದು ಯೋಚಿಸುತ್ತಿದ್ದಳು. ಅದನ್ನು ಕರಗಿಸುವ ಮೊದಲು ಕೈಯಲ್ಲಿ ಹಿಡಿದು ನೋಡಿದವರು ಯಾರಿರಬಹುದು? ಅವರಿಗೂ ಹೀಗೇ ಹೆದರಿಕೆಯಾಗುತ್ತಿತ್ತೇ?

ತೋಟಾ ಖಾಲಿಯೇ ಎಂದು ಅವಳು ನೋಡುವ ಕ್ರಮ ಮೂರು. ಮೊದಲು ಬಾಯಿಯೊಳಗೆ ಬೆಳಕು ಬಿಟ್ಟು ಇಣುಕುವುದು. ಆಮೇಲೆ ಕಿವಿಯ ಹತ್ತಿರ ಅಲ್ಲಾಡಿಸುವುದು. ಕೊನೆಗೆ ಬುಡ ತಿರುಗಿಸಿ ನೋಡುವುದು. ಪ್ರತಿ ತೋಟಾದ ಬುಡದ ನಡುವೆ ಗುಂಡಿಯಂಥ ಒಂದು ಸಣ್ಣ ಮುಚ್ಚಳವಿರುತ್ತದೆ. ಬಂದೂಕಿನ ಮೊಳೆ ಬಂದು ಬಡಿದರೆ ಅಲ್ಲೊಂದು ತಗ್ಗು ಬೀಳುತ್ತದೆ. ತಗ್ಗಿದ್ದರೆ ಸಿಡಿದದ್ದು, ನುಣುಪಾಗಿದ್ದರೆ ಇನ್ನೂ ಸಿಡಿಯಬೇಕಾದದ್ದು. ಮೊದಲ ದಿನ ಬಂದ ಸಿಪಾಯಿ ಹೀಗೆಂದು ಹೇಳಿಕೊಟ್ಟಿದ್ದ. ಕೆಲವು ತೋಟಾಗಳ ಬಾಯಿ ಜಜ್ಜಿ ಮುಚ್ಚಿಹೋಗಿರುತ್ತಿತ್ತು. ಅವುಗಳೊಳಗೆ ಇಣುಕಲು ಬರುತ್ತಿರಲಿಲ್ಲ, ಬುಡವನ್ನೇ ನಂಬಬೇಕು. ಅವಳು ನಂಬುತ್ತಿದ್ದಳು. ಮೂರ್ತಿಯ ತಲೆಯ ಎರಕ ಆಗಿತ್ತು, ಕೈಗಳೆರಡೂ ಆಗಿದ್ದವು, ಬೆನ್ನು ಆಗಿತ್ತು. ಉಳಿದದ್ದು ಮಡಿಲು.

ಮಡಿಲಿನ ಎರಕದ ದಿನ ಊರಿನವರನ್ನೂ ಕರೆಯಬೇಕೆಂದು ಸ್ಮಾರಕ ಸಮಿತಿ ತೀರ್ಮಾನಿಸಿತು. ಸೇತುವೆಯ ಎರಡೂ ಕಡೆಯವರು ಮನೆಯಿಂದ ಒಂದೊಂದು ಹಿತ್ತಾಳೆಯದೋ ತಾಮ್ರದ್ದೋ ಸಾಮಾನು ತಂದು ಲೋಹ ಕರಗಿಸುವ ಮೂಸೆಗೆ ಹಾಕಬಹುದು. ಬೆಳಿಗ್ಗೆ ಹತ್ತಕ್ಕೆಲ್ಲ ಸಾಲು ಗಲ್ಲಿಯ ತಿರುವು ದಾಟಿತ್ತು. ಬೀಗದ ಕೈ, ಚಮಚ, ಬಾಗಿಲ ಹಿಡಿ, ಒಬ್ಬಾಕೆಯ ಕೈಯಲ್ಲಿ ಮಗನ ಪದಕ. ಸಾಲನ್ನು ನೋಡಿಕೊಳ್ಳಲು ಬಂದಿದ್ದವಳು ತೋಟದಕ್ಕನ ಮಗಳು. ಇಪ್ಪತ್ಮೂರರ ಹುಡುಗಿ, ಪ್ರಾಥಮಿಕ ಶಾಲೆಯ ಟೀಚರು. ಕುಲುಮೆಯಿಂದ ನಾಲ್ಕೇ ಹೆಜ್ಜೆ ದೂರದಲ್ಲಿ ಒಂದು ಕಬ್ಬಿಣದ ತಟ್ಟೆ ಹಿಡಿದು ನಿಂತು, ಬಂದವರ ಸಾಮಾನನ್ನು ಅದರಲ್ಲಿ ಇಸಿದುಕೊಂಡು ಮೇಸ್ತ್ರಿಗೆ ದಾಟಿಸುತ್ತಿದ್ದಳು.

ಅವತ್ತು ಕೊನೆಯ ಲಾರಿ ತಡವಾಗಿ ಬಂದಿತ್ತು. ಮೂರು ಬುಟ್ಟಿ ಸರಕು. ತೋಟದಕ್ಕ ಅಂಗಳದ ಮೂಲೆಯಲ್ಲಿ ಕೂತು ಎರಡನೇ ಬುಟ್ಟಿಯ ಕೊನೆಗೆ ಬರುವಷ್ಟರಲ್ಲಿ ಮೇಸ್ತ್ರಿ ಮೂರು ಸಲ ಬಂದು ಹೋದ. ಮೂಸೆ ಕಾದಿತ್ತು, ಅಚ್ಚು ಕಾದಿತ್ತು. ಕೊನೆಗೆ, ನೋಡಿ ಮುಗಿದದ್ದು ಯಾವುದೆಂದು ಕೇಳದೆ, ಕೈಗೆ ಸಿಕ್ಕ ಮೂರನೇ ಬುಟ್ಟಿಯನ್ನೇ ಅವನು ಎತ್ತಿದ.

“ಭಾವ, ಅದು ನೋಡಿಲ್ಲ.”

ಅವನಿಗೆ ಕೇಳಿಸಲಿಲ್ಲ. ಕೇಳಿಸದ ಕಿವಿ ಅವಳ ಕಡೆಗಿತ್ತು. ಅವಳು ಎದ್ದು ಹಿಂದೆ ಹೋಗಬೇಕೆಂದವಳು, ಬುಟ್ಟಿಯ ಮೇಲೆ ಸೇನೆಯ ಡಿಪೋದವರು ಎಳೆದ ಬಿಳಿ ಸೀಮೆಸುಣ್ಣದ ಗೆರೆ ಕಂಡು ಸುಮ್ಮನಾದಳು. ಅವರು ಒಂದು ಸಲ ನೋಡಿದ್ದೇ ತಾನೇ? ಹಾಗೆಂದುಕೊಂಡು ಮತ್ತೆ ಕೂತಳು. ಎರಡನೇ ಬುಟ್ಟಿಯಲ್ಲಿ ಉಳಿದ ಹತ್ತಾರನ್ನು ನೋಡಿದಳು. ಹತ್ತು ನಿಮಿಷವಾಗಿರಬಹುದು. ಮನಸ್ಸು ತಡೆಯಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು.

ಮೂಸೆಗೆ ಹಾಕುವ ಮೊದಲು ಲೋಹದಲ್ಲಿ ಹನಿ ನೀರೂ ಇರಬಾರದು. ಇದ್ದರೆ ಕರಗಿದ ಹಿತ್ತಾಳೆ ಉಕ್ಕಿ ಮುಖಕ್ಕೆ ಹಾರುತ್ತದೆ. ಅದಕ್ಕೆಂದು ತೋಟಾಗಳನ್ನು ಕುಲುಮೆಯ ಸುತ್ತಲಿನ ಇಟ್ಟಿಗೆ ಕಟ್ಟೆಯ ಮೇಲೆ ಸಾಲಾಗಿ ಮಲಗಿಸಿ ಒಣಗಿಸುವುದು ವಾಡಿಕೆ. ಮೂರನೇ ಬುಟ್ಟಿಯದು ಆಗಲೇ ಕಟ್ಟೆ ಏರಿತ್ತು. ಬುಡಗಳೆಲ್ಲ ಹೊರಗಡೆಗೆ, ಅವಳ ಕಡೆಗೆ. ಅವಳು ಬಾಗಿಲಲ್ಲೇ ನಿಂತು ಅಭ್ಯಾಸಬಲದಿಂದ ಎಡದಿಂದ ಬಲಕ್ಕೆ ಕಣ್ಣು ಹಾಯಿಸಿದಳು. ತಗ್ಗು, ತಗ್ಗು, ತಗ್ಗು, ತಗ್ಗು.

ನುಣುಪು.

ಮೊಳಕೈಯುದ್ದದ ತೋಟಾ. ಬಾಯಿ ಜಜ್ಜಿ ಮುಚ್ಚಿತ್ತು. ಬುಡದ ಗುಂಡಿ ಹೊಸ ನಾಣ್ಯದ ಹಾಗೆ ಹೊಳೆಯುತ್ತಿತ್ತು. ಪಕ್ಕದ ಇಟ್ಟಿಗೆ ಕೆಂಪಗೆ ಕಾಯುತ್ತಿತ್ತು.

ತೋಟದಕ್ಕ ಕೂಗಲಿಲ್ಲ. ನಾಚಿಕೆಯ ಮಾತು, ಆದರೆ ನಡೆದದ್ದು ಹೀಗೆ: ಅವಳು ಎರಡು ಉಸಿರಿನಷ್ಟು ಹೊತ್ತು ಸುಮ್ಮನೆ ನಿಂತಳು. ಕಣ್ಣು ಮೋಸ ಮಾಡಿರಬಹುದು. ಬೆಳಕಿನ ಆಟವಿರಬಹುದು. ಇಷ್ಟು ಜನ ಕೂಡಿದಾಗ ಬಾಯಿ ಬಿಟ್ಟು ಏನೂ ಅಲ್ಲ ಎಂದಾದರೆ? ಮೂರನೇ ಉಸಿರಿಗೆ ಮಗಳ ನಗು ಕೇಳಿಸಿತು. ಯಾರೋ ತಂದ ಮಂಕು ಚಮಚಕ್ಕೆ ಏನೋ ತಮಾಷೆ ಮಾಡಿ ನಗುತ್ತಿದ್ದಳು. ಆ ಚಮಚ ಹಿಡಿದ ಕೈಗೂ ಕಟ್ಟೆಗೂ ನಾಲ್ಕು ಹೆಜ್ಜೆ.

ಅವಳು ಓಡಲಿಲ್ಲ. ಓಡಿದರೆ ಸಾಲಿನವರೆಲ್ಲ ಬಾಗಿಲಿಗೆ ನುಗ್ಗಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ನಡೆದು ಹೋಗಿ ಮಗಳ ತೋಳು ಹಿಡಿದಳು.

“ತಟ್ಟೆ ಕೆಳಗಿಡು. ಇವರನ್ನೆಲ್ಲ ಕರ್ಕೊಂಡು ಗಲ್ಲಿಯಾಚೆ ಹೋಗು.”

“ಯಾಕಮ್ಮ? ಈಗಷ್ಟೇ ಶುರುವಾಗಿದೆ...”

“ಏನೂ ಕೇಳಬೇಡ. ಮುಖದ ಮೇಲೆ ನಗು ಇಟ್ಕೊಂಡೇ ಹೋಗು. ಚಾ ಕೊಡ್ತಾರೆ ಅನ್ನು, ಫೋಟೋ ತೆಗೀತಾರೆ ಅನ್ನು. ಆ ಕಲ್ಲುಗೋಡೆ ದಾಟೋವರೆಗೆ ನಿಲ್ಲಬೇಡ.”

ಮಗಳು ತಾಯಿಯ ಮುಖ ನೋಡಿದಳು. ಆ ಮುಖದಲ್ಲಿ ಏನು ಕಂಡಿತೋ, ಮತ್ತೆ ಪ್ರಶ್ನೆ ಕೇಳಲಿಲ್ಲ. ತರಗತಿಯಲ್ಲಿ ಮಾತಾಡುವ ದನಿ ತೆಗೆದು, “ಎಲ್ಲರೂ ಹೊರಗಡೆ ಬನ್ನಿ, ಗೋಡೆ ಹತ್ರ ಒಂದು ಫೋಟೋ ಇದೆ, ತಳ್ಳಾಟ ಬೇಡ” ಎಂದು ಸಾಲನ್ನು ತಿರುಗಿಸಿದಳು. ಜನ ಗೊಣಗುತ್ತ ತಿರುಗಿದರು. ಗಡಿಯಾರ ರಿಪೇರಿಯ ಅಜ್ಜ ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ.

“ಬೆಳಿಗ್ಗೆ ಆರೂವರೆಗೆ ಬಂದು ನಿಂತೋನು ನಾನು. ನನ್ನ ಜಾಗ ಬಿಟ್ಟು ಎಲ್ಲಿಗೂ ಬರಲ್ಲ. ಫೋಟೋ ಬೇಕಾದ್ರೆ ಇಲ್ಲೇ ತೆಗೀರಿ.”

“ಅಜ್ಜ, ನಿಮ್ಮ ಜಾಗ ನಿಮಗೇ. ಬನ್ನಿ.”

“ಹೀಗಂದೇ ಹೋದ ಸಲ ಆಸ್ಪತ್ರೆ ಸಾಲಲ್ಲಿ ಕೊನೆಗೆ ತಳ್ಳಿದ್ರು.”

ತೋಟದಕ್ಕ ಅವನ ಮುಂದೆ ಹೋಗಿ ನಿಂತಳು. ಕೈ ಮುಗಿದಳು. ಗದ್ದ ನಡುಗುತ್ತಿತ್ತು. ಅಜ್ಜ ಆ ಗದ್ದವನ್ನು ನೋಡಿದ. ಯುದ್ಧವನ್ನು ಅವನೂ ಕಂಡವನು. ಕೈಲಿದ್ದ ಗಡಿಯಾರದ ಹಿತ್ತಾಳೆ ಚಕ್ರಗಳನ್ನು ಜೇಬಿಗೆ ಸುರಿದುಕೊಂಡು ಸದ್ದಿಲ್ಲದೆ ಹೊರಗೆ ನಡೆದ.

ಈಗ ಒಳಗೆ ಉಳಿದವರು ಮೂವರು. ಬ್ಲೋವರಿನ ಅಬ್ಬರದಲ್ಲಿ ಮೇಸ್ತ್ರಿ ಬೆನ್ನು ತಿರುಗಿಸಿ ಮೂಸೆಯನ್ನೇ ನೋಡುತ್ತಿದ್ದ. ಕೂಗಿ ಪ್ರಯೋಜನವಿಲ್ಲ. ಅವಳು ಉದ್ದಣ್ಣನಿಗೆ ಕೈಸನ್ನೆ ಮಾಡಿದಳು, ನಿಲ್ಲಿಸು. ಅವನು ತಲೆ ಅಲ್ಲಾಡಿಸಿದ, ಆಗಲ್ಲ. ಅವಳು ಕಟ್ಟೆಯ ಕಡೆ ಬೆರಳು ತೋರಿಸಿದಳು. ಉದ್ದಣ್ಣ ಬಗ್ಗಿ ನೋಡಿದ. ಎಂಟು ತಿಂಗಳು ತಮಾಷೆ ಮಾಡಿದವನ ಮುಖದಿಂದ ರಕ್ತ ಇಳಿದುಹೋಯಿತು. ಬ್ಲೋವರಿನ ಗುಂಡಿ ಒತ್ತಿದವನೇ ಬಾಗಿಲಿಗೆ ತಲೆ ಬಡಿಸಿಕೊಂಡು ಹೊರಗೆ ಹಾರಿದ.

ಸದ್ದು ನಿಂತಿತು. ಮೇಸ್ತ್ರಿ ಸರ್ರನೆ ತಿರುಗಿದ.

“ಯಾವನು ನಿಲ್ಲಿಸಿದ್ದು? ಲೋಹ ಗಟ್ಟಿಯಾಗುತ್ತೆ ಕಣ್ರೋ!”

ಅವಳು ಅವನ ಕೇಳುವ ಕಿವಿಯ ಹತ್ತಿರ ಬಾಯಿಟ್ಟಳು. “ಭಾವ, ಎಡಗಡೆಯಿಂದ ಒಂಬತ್ತನೇದು. ಬುಡ ನೋಡಿ. ಸಿಡಿದಿಲ್ಲ ಅದು.”

ಅವನು ನೋಡಿದ. ಬೆವರಿದ ಮುಖದಲ್ಲಿ ಏನೂ ಕಾಣಿಸಲಿಲ್ಲ. ಗೋಡೆಗೆ ಒರಗಿಸಿದ್ದ ಉದ್ದನೆಯ ಇಕ್ಕಳಕ್ಕೆ ಕೈ ಹಾಕಿದ.

“ತೆಗೆದು ಹೊಳೆಗೆ ಎಸೆದು ಬರ್ತೀನಿ. ಎರಡು ನಿಮಿಷದ ಕೆಲಸ. ನೀನು ಹೊರಗೆ ಹೋಗು.”

“ಬೇಡ ಭಾವ.”

“ಈಗ ಬಿಟ್ರೆ ಎರಕ ಹೋಗುತ್ತೆ. ಅಚ್ಚು ಹೋಗುತ್ತೆ. ಐದು ವಾರದ ಕೆಲಸ ಕಣಮ್ಮ.”

“ಹೋಗ್ಲಿ.” ಅವಳು ಇಕ್ಕಳದ ಇನ್ನೊಂದು ತುದಿ ಹಿಡಿದುಕೊಂಡಳು. “ನಾನು ಒಬ್ಬರನ್ನ ಕಳಿಸಿ ಕಾದು ಕೂತಿದ್ದು ಸಾಕು. ಮನೇಲಿರೋ ಅಕ್ಕನ್ನೂ ಹಾಗೆ ಕೂರಿಸಬೇಡಿ. ನೀವು ಬರದೆ ನಾನು ಹೊರಗೆ ಹೋಗಲ್ಲ.”

ಕಟ್ಟೆಯ ಮೇಲೆ ಯಾವುದೋ ಒಂದು ತೋಟಾ ಕಾವಿಗೆ ‘ಟಿಣ್’ ಎಂದಿತು. ಇಬ್ಬರೂ ಕೂತೇಬಿಟ್ಟರು. ಏನೂ ಆಗಲಿಲ್ಲ. ಮೇಸ್ತ್ರಿ ಇಕ್ಕಳ ಬಿಟ್ಟು, ಅವಳ ರಟ್ಟೆ ಹಿಡಿದೆತ್ತಿ, ಬಾಗಿಲವರೆಗೆ ಹಿಂದೆ ಹಿಂದೆ ನಡೆಯುತ್ತ, ಕಟ್ಟೆಯಿಂದ ಕಣ್ಣು ತೆಗೆಯದೆ ಹೊರಗೆ ಬಂದ.

ಗಲ್ಲಿಯಾಚೆ ಹಳೆಯ ಕಾರ್ಖಾನೆಯೊಂದರ ಕಲ್ಲುಗೋಡೆಯಿತ್ತು. ಅದರ ಹಿಂದೆ ಎಲ್ಲರೂ ಸೇರಿದರು. ಬಾಂಬು ತೆಗೆಯುವ ದಳಕ್ಕೆ ಮಗಳೇ ಫೋನ್ ಮಾಡಿದಳು. ಅವರು ಬರಬೇಕಾದದ್ದು ಬೇರೆ ಊರಿನಿಂದ, ಎರಡು ಗಂಟೆ ಬೇಕು ಎಂದರು. ಒಳಗೆ ಹೋಗಬೇಡಿ, ನೀರು ಹಾಕಬೇಡಿ, ಏನನ್ನೂ ಮುಟ್ಟಬೇಡಿ.

ಆ ಎರಡು ಗಂಟೆ ತೋಟದಕ್ಕನ ಬದುಕಿನಲ್ಲಿ ಬೇರೆಲ್ಲ ಗಂಟೆಗಳಿಗಿಂತ ಉದ್ದವಾಗಿತ್ತು. ಗಾಳಿ ನಿಂತರೂ ಕುಲುಮೆಯ ಕಾವು ಬೇಗ ಇಳಿಯುವುದಿಲ್ಲ. ಇಟ್ಟಿಗೆಗಳು ಕಾವನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೆಲ್ಲಗೆ ಬಿಡುತ್ತವೆ. ಒಳಗಿನಿಂದ ಆಗಾಗ ಸದ್ದು ಬರುತ್ತಿತ್ತು. ಟಕ್. ಸ್ವಲ್ಪ ಹೊತ್ತು ಬಿಟ್ಟು ಟಕ್ ಟಕ್. ತಣಿಯುವ ಮೂಸೆ ಬಿರಿಯುವ ಸದ್ದು ಎಂದು ಮೇಸ್ತ್ರಿ ಹೇಳಿದ. ಆದರೂ ಪ್ರತಿ ಸಲ ನಲವತ್ತು ಜನ ಒಟ್ಟಿಗೆ ತಲೆ ತಗ್ಗಿಸುತ್ತಿದ್ದರು. ಪದಕ ತಂದಿದ್ದ ಹೆಂಗಸು ಕಿವಿ ಮುಚ್ಚಿಕೊಂಡು ನೆಲದ ಮೇಲೆ ಕೂತಿದ್ದಳು. ಉದ್ದಣ್ಣನ ಹಣೆಯಲ್ಲಿ ಬಾಗಿಲು ಬಡಿದದ್ದು ನಿಂಬೆಹಣ್ಣಿನಂತೆ ಊದಿತ್ತು.

ಹನ್ನೊಂದೂವರೆಗೆ ಸ್ಮಾರಕ ಸಮಿತಿಯ ಅಧ್ಯಕ್ಷರು ಬಂದರು. ಇಸ್ತ್ರಿ ಮಾಡಿದ ಬಟ್ಟೆ, ಹಿಂದೆ ಇಬ್ಬರು ಫೋಟೋದವರು. ಶಿಲ್ಪಿಯೂ ಜೊತೆಗಿದ್ದರು.

“ನೋಡಿದ್ದು ಯಾರು?”

“ನಾನು.” ತೋಟದಕ್ಕ ಎದ್ದು ನಿಂತಳು.

“ಕೈಯಲ್ಲಿ ಹಿಡಿದು ನೋಡಿದ್ರಾ?”

“ಇಲ್ಲ. ಬಾಗಿಲಿಂದ.”

“ಬಾಗಿಲಿಂದ!” ಅಧ್ಯಕ್ಷರು ಸುತ್ತಲಿನವರ ಕಡೆ ನೋಡಿದರು. “ಅಲ್ಲಮ್ಮ, ಡಿಪೋದವರು ನೋಡಿ ಗೆರೆ ಹಾಕಿದ ಮೇಲೆ ಅದು ಹೇಗೆ ಬರುತ್ತೆ? ನಿಮಗೆ ಗ್ಯಾರಂಟಿನಾ?”

ಗ್ಯಾರಂಟಿ ಎಂದುಬಿಟ್ಟರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅವಳಿಗೆ ಸುಳ್ಳು ಹೇಳಲಾಗಲಿಲ್ಲ.

“ಗ್ಯಾರಂಟಿ ಇಲ್ಲ ಸಾರ್. ಹೆದರಿಕೆ ಇದೆ.”

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಅಧ್ಯಕ್ಷರು, “ಹೆದರಿಕೆಗೆಲ್ಲ ಕೆಲಸ ನಿಲ್ಲಿಸೋಕಾಗುತ್ತಾ? ಮೇಸ್ತ್ರಿ, ನೀವೇ ಒಂದು ಸಲ ಒಳಗೆ ಹೋಗಿ ನೋಡಿ ಬಂದ್ರೆ...” ಎಂದು ಶುರು ಮಾಡಿದರು. ಮೇಸ್ತ್ರಿ ಕೇಳಿಸದ ಕಿವಿಯನ್ನು ಅವರ ಕಡೆ ತಿರುಗಿಸಿ, ಗೋಡೆಯ ಸಂದಿಗೆ ಅಡ್ಡಲಾಗಿ ಕಾಲು ಚಾಚಿ ಕೂತುಬಿಟ್ಟ. ಯಾರಾದರೂ ಎರಕದ ಮನೆಗೆ ಹೋಗಬೇಕೆಂದರೆ ಅವನನ್ನು ದಾಟಿ ಹೋಗಬೇಕಿತ್ತು. ಅಧ್ಯಕ್ಷರು ಮತ್ತೆರಡು ಸಲ ಹೇಳಿ ನೋಡಿದರು. ಅವನು ಹೊಳೆಯ ಕಡೆ ನೋಡುತ್ತಿದ್ದ.

ತೋಟದಕ್ಕನೊಳಗೆ ಎರಡು ಭಯ ಕಾದಾಡುತ್ತಿದ್ದವು. ಅದು ಸಿಡಿದರೆ ಏನು ಗತಿ ಎಂಬುದೊಂದು. ಸಿಡಿಯದೆ ಹೋದರೆ ತನ್ನ ಗತಿ ಏನು ಎಂಬುದು ಇನ್ನೊಂದು. ಸಿಡಿದೇಬಿಡಲಿ ಎಂದು ಒಂದು ಕ್ಷಣ ಮನಸ್ಸು ಬಯಸಿದ್ದೂ ಉಂಟು.

ದಳದ ವ್ಯಾನು ಬಂದಾಗ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಇಳಿದ ಅಧಿಕಾರಿ ಗಿಡ್ಡ ಆಳು, ನಿದ್ದೆಗೆಟ್ಟ ಕಣ್ಣು. ದಪ್ಪ ಕೋಟು, ಮುಖಕ್ಕೆ ಗಾಜಿನ ಮುಸುಕು ಹಾಕಿಕೊಂಡು, ಮರಳಿನ ಬಕೆಟ್ಟು ಹಿಡಿದು ಒಬ್ಬನೇ ಒಳಗೆ ಹೋದ. ಮಗಳು ತಾಯಿಯ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆಯ ಗುರುತು ಎರಡು ದಿನ ಉಳಿಯಿತು. ಕಾಲು ಗಂಟೆಯಾದ ಮೇಲೆ ಅವನು ಬಕೆಟ್ಟು ಎತ್ತಿಕೊಂಡು ಹೊರಬಂದು ಹೊಳೆಯ ದಂಡೆಗೆ ಇಳಿದ. ಅಲ್ಲಿ ಇನ್ನೊಂದು ಕಾಲು ಗಂಟೆ. ಆಮೇಲೆ ಮುಸುಕು ತೆಗೆದು ಬರಿಗೈಯಲ್ಲಿ ಆ ತೋಟಾವನ್ನು ಆಡಿಸುತ್ತ ಮೇಲೆ ಬಂದ.

“ಕವಾಯತಿಗೆ ಕೊಡೋದು ಇದು. ಹೊಸ ಸಿಪಾಯಿಗಳಿಗೆ ತುಂಬೋದು, ತೆಗೆಯೋದು ಕಲಿಸೋಕೆ. ಒಳಗೆ ಮರಳು, ಮರದ ಪುಡಿ.”

ಜನ ಒಂದೇ ಸಲ ಉಸಿರು ಬಿಟ್ಟರು. ಆಮೇಲೆ ನಗು ಶುರುವಾಯಿತು. ಹೆದರಿ ಹಣ್ಣಾದವರ ನಗು, ಬೇಗ ನಿಲ್ಲುವುದಿಲ್ಲ. “ಮರದ ಪುಡಿಗೆ ಓಡಿದ್ವಲ್ಲೋ!” ಎಂದು ಒಬ್ಬ. “ಹೆದರುಪುಕ್ಕಲಿಯನ್ನ ಕೂರಿಸಿದ್ರೆ ಇನ್ನೇನಾಗುತ್ತೆ” ಎಂದು ಇನ್ನೊಬ್ಬ. ಅಧ್ಯಕ್ಷರು ಕೈಗಡಿಯಾರ ನೋಡಿಕೊಂಡರು. ಮೇಸ್ತ್ರಿ ಒಳಗೆ ಹೋಗಿ ಬಂದ. ಮೂಸೆಯಲ್ಲಿ ಲೋಹ ಕಲ್ಲಾಗಿತ್ತು, ಮೂಸೆ ಅಡ್ಡಕ್ಕೆ ಸೀಳಿತ್ತು. ಅಚ್ಚು ತಣಿದು ಬಿರುಕು ಬಿಟ್ಟಿತ್ತು. ಮಡಿಲು ಹೋಗಿತ್ತು. ಶಿಲ್ಪಿ ಬಿರುಕಿನ ಮೇಲೆ ಬೆರಳಾಡಿಸಿ, ಯಾರ ಮುಖವನ್ನೂ ನೋಡದೆ ಹೊರಗೆ ಹೋದರು.

ಭೂಮಿ ಬಾಯಿ ಬಿಡಬಾರದೇ ಎನಿಸಿತು ತೋಟದಕ್ಕನಿಗೆ. ಗೋಡೆಯ ಬುಡದಲ್ಲಿ ಮುದುಡಿ ಕೂತಳು. ಮಗಳು ಪಕ್ಕದಲ್ಲಿ ಕೂತು, “ಇರಲಿ ಬಿಡಮ್ಮ, ಇರಲಿ ಬಿಡು” ಎನ್ನುತ್ತಿದ್ದಳು.

ದಳದ ಅಧಿಕಾರಿ ಮಾತ್ರ ವ್ಯಾನು ಹತ್ತಲಿಲ್ಲ. ಅವಳ ಮುಂದೆ ಬಂದು ಕುಕ್ಕರುಗಾಲಿನಲ್ಲಿ ಕೂತ.

“ನೋಡಿದ್ದು ನೀವೇ ಅಲ್ವಾ? ಹೇಗೆ ನೋಡ್ತೀರಿ, ಸ್ವಲ್ಪ ಹೇಳಿ.”

ಅವಳು ತಲೆ ಎತ್ತದೆ ಹೇಳಿದಳು. ಬಾಯಿ, ಅಲ್ಲಾಡಿಸುವುದು, ಬುಡ.

“ಬಾಯಿ ಜಜ್ಜಿದ್ದು ಬಂದ್ರೆ?”

“ಬುಡ ನೋಡಿ ಹಾಕ್ತೀನಿ. ತಗ್ಗಿದ್ರೆ ಖಾಲಿ.”

ಅವನು ಕೈಲಿದ್ದ ತೋಟಾವನ್ನು ನೆಲದ ಮೇಲಿಟ್ಟ. ಆ ಸದ್ದಿಗೆ ಅವಳು ತಲೆ ಎತ್ತಿದಳು.

“ತಗ್ಗಿದ್ರೆ ಖಾಲಿ ಅಂತ ಯಾರು ಹೇಳಿದ್ರು?”

“ಮೊದಲ ದಿನ ಬಂದ ಸಿಪಾಯಿ.”

“ಅಕ್ಕ, ಮೊಳೆ ಬಡಿದ ಮಾತ್ರಕ್ಕೆ ಎಲ್ಲಾ ಸಿಡಿಯಲ್ಲ. ಪೆಟ್ಟು ತಿಂದೂ ಸುಮ್ಮನೆ ಉಳಿದವು ಇರ್ತಾವೆ. ಅಂಥದ್ದನ್ನ ಬಂದೂಕಿಂದ ಕಿತ್ತು ಎಸೀತಾರೆ. ಯಾರಾದ್ರೂ ಮೇಲಿನ ಗುಂಡು ಕಿತ್ಕೊಂಡು ಬಾಯಿ ಜಜ್ಜಿದ್ರೆ ಮದ್ದು ಒಳಗೇ ಇರುತ್ತೆ. ಒದ್ದೆಯಾಗಿ ಅಂಟಿಕೊಂಡಿದ್ರೆ ಅಲ್ಲಾಡಿಸಿದ್ರೂ ಸದ್ದು ಬರಲ್ಲ.” ಅವನು ಎದ್ದ. “ನೀವು ನೋಡಿ ಹಾಕಿದ ಬುಟ್ಟಿಗಳು ಎಲ್ಲಿವೆ?”

ಎರಡು ಬುಟ್ಟಿಗಳೂ ಅಂಗಳದಲ್ಲೇ ಇದ್ದವು. ಮುಂದೆ ಕಟ್ಟೆ ಏರಬೇಕಾದವು. ಅಧಿಕಾರಿ ಬಾಯಿ ಜಜ್ಜಿದವನ್ನೆಲ್ಲ ಒಂದೊಂದಾಗಿ ಆರಿಸಿ ಹೊಳೆಯ ದಂಡೆಗೆ ಸಾಗಿಸಿದ. ಹದಿನೇಳಿದ್ದವು. ಅವನೂ ಅವನ ಸಂಗಡಿಗನೂ ಮರಳಿನ ಮೂಟೆಗಳ ಹಿಂದಿನಿಂದ, ನೀರು ಸುರಿಯುತ್ತ, ಉದ್ದನೆಯ ಯಂತ್ರದಲ್ಲಿ ಅವನ್ನು ಕೊಯ್ಯತೊಡಗಿದರು. ನಗುತ್ತಿದ್ದವರು ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಮೊದಲನೆಯದು ಖಾಲಿ. ಎರಡನೆಯದರಲ್ಲಿ ಮಣ್ಣು. ಖಾಲಿ, ಖಾಲಿ, ಇರುವೆಗೂಡು, ಖಾಲಿ. ಹನ್ನೊಂದನೆಯದಕ್ಕೆ ಯಂತ್ರ ನಿಂತಿತು. ಬಹಳ ಹೊತ್ತು ಯಾರೂ ಮೇಲೆ ಬರಲಿಲ್ಲ.

ನಾಲ್ಕು ಗಂಟೆಗೆ ಅಧಿಕಾರಿ ಒಂದು ಅಲ್ಯೂಮಿನಿಯಂ ತಟ್ಟೆ ಹಿಡಿದು ಬಂದ. ತಟ್ಟೆಯಲ್ಲಿ ಮುರಿದ ಪೆನ್ಸಿಲ್ ಕಡ್ಡಿಗಳಂಥ ಮಾಸಲು ಮದ್ದಿನ ಚೂರುಗಳು, ಮುಷ್ಟಿಯಷ್ಟು. ಪಕ್ಕದಲ್ಲಿ ಎರಡಾಗಿ ಕೊಯ್ದ ತೋಟಾ. ಅದರ ಬುಡದಲ್ಲಿ ಸ್ಪಷ್ಟವಾಗಿ ತಗ್ಗಿತ್ತು. ತೋಟದಕ್ಕ ಅದನ್ನು ಗುರುತು ಹಿಡಿದಳು. ಬೆಳಿಗ್ಗೆ ಒಂಬತ್ತಕ್ಕೆ, ಮೊದಲ ಬುಟ್ಟಿಯಲ್ಲಿ. ಅಂಚಿನಲ್ಲಿ ಹಸಿರು ಕಿಲುಬು ಕಟ್ಟಿತ್ತು. ಕೈಯಲ್ಲಿ ಹಿಡಿದಿದ್ದಳು, ಅಲ್ಲಾಡಿಸಿದ್ದಳು, ಬುಡ ನೋಡಿದ್ದಳು, ಸರಿ ಎಂದು ಹಾಕಿದ್ದಳು.

“ಇದು ಮುಂದೆ ಎಲ್ಲಿಗೆ ಹೋಗ್ತಿತ್ತು?” ಅಧಿಕಾರಿ ಕೇಳಿದ.

ಮೇಸ್ತ್ರಿ ಬಾಗಿಲ ಒಳಗೆ ಕೈ ತೋರಿಸಿದ. “ಆ ಕಟ್ಟೆಗೆ. ಅಲ್ಲಿಂದ ಮೂಸೆಗೆ.”

“ಆಗ ಇಲ್ಲಿ ಯಾರಿದ್ರು?”

ಮಗಳು ಬೆಳಿಗ್ಗೆ ಕೆಳಗಿಟ್ಟಿದ್ದ ಕಬ್ಬಿಣದ ತಟ್ಟೆ, ಜನರು ಕೊಟ್ಟ ಚಮಚ ಬೀಗದ ಕೈಗಳ ಸಮೇತ, ಕಟ್ಟೆಯಿಂದ ನಾಲ್ಕು ಹೆಜ್ಜೆಗೆ ನೆಲದ ಮೇಲೆ ಹಾಗೇ ಇತ್ತು.

ತೋಟದಕ್ಕನಿಗೆ ಆಮೇಲಿನದು ಸರಿಯಾಗಿ ನೆನಪಿಲ್ಲ. ಭಾವನೂ ಉದ್ದಣ್ಣನೂ ಎತ್ತಿಕೊಂಡೇ ಮನೆಗೆ ಕರೆದುಕೊಂಡು ಹೋದರು. ಓರಗಿತ್ತಿ ಬಿಸಿನೀರಿನಲ್ಲಿ ಕಾಲು ತೊಳೆದಳು. ಊರಿನವರು ಒಬ್ಬೊಬ್ಬರಾಗಿ ಬಂದು, ನೀನು ನಮ್ಮ ಜೀವ ಉಳಿಸಿದೆ ಎಂದರು. ಹೆದರುಪುಕ್ಕಲಿ ಎಂದವನೂ ಬಂದು ಹೊಸ್ತಿಲಲ್ಲಿ ನಿಂತು ತಲೆ ಕೆರೆದುಕೊಂಡ. ಅವರ ಒಂದು ಮಾತೂ ಅವಳ ಒಳಗೆ ಇಳಿಯಲಿಲ್ಲ. ಅವಳು ಎಣಿಸುತ್ತಿದ್ದಳು. ಎಂಟು ತಿಂಗಳಲ್ಲಿ ಬಾಯಿ ಜಜ್ಜಿದ್ದು ಎಷ್ಟು ಬಂದಿರಬಹುದು? ತಲೆಗೆ ಎಷ್ಟು ಹೋಯಿತು, ಬೆನ್ನಿಗೆ ಎಷ್ಟು? ಪ್ರತಿ ಒಂದನ್ನೂ ಸರಿ ಎಂದು ಹಾಕಿದ್ದು ಈ ಕೈ. ಭಾವ ದಿನಾ ಆ ಮೂಸೆಯ ಮೇಲೆ ಬಗ್ಗಿ ನಿಂತಿದ್ದ. ಆಗದೆ ಹೋದದ್ದರ ಭಯ ಆಗುವುದರ ಭಯಕ್ಕಿಂತ ದೊಡ್ಡದೆಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ.

ಹತ್ತು ದಿನ ಅವಳು ಆ ಗಲ್ಲಿಯ ಕಡೆ ಕಾಲಿಡಲಿಲ್ಲ. ಹನ್ನೊಂದನೇ ದಿನ ಮೇಸ್ತ್ರಿ ಎದುರಿಗೆ ಬಂದು ಕೂತ.

“ಸಮಿತಿಯವರು ಬೇರೆ ಯಾರನ್ನೋ ಹುಡುಕ್ತಿದಾರೆ. ಧೈರ್ಯಸ್ಥ ಆಳು ಬೇಕಂತೆ.”

“ಹುಡುಕ್ಲಿ ಭಾವ. ನನ್ನಿಂದ ಆಗಲ್ಲ.”

“ನಂಗೆ ಧೈರ್ಯಸ್ಥರು ಬೇಡ.” ಅವನು ತನ್ನ ಕೇಳದ ಕಿವಿಯನ್ನು ಮುಟ್ಟಿಕೊಂಡ. “ಅವತ್ತು ಸಂತೆಗೆ ನಾವಿಬ್ಬರೂ ಧೈರ್ಯವಾಗೇ ಹೋಗಿದ್ವಿ. ಹೋಗೋದು ಬೇಡ ಅಂತ ನೀನೇ ಅಂದಿದ್ದೆ, ನಿನ್ನ ಗಂಡ ನಕ್ಕುಬಿಟ್ಟ. ನಾನೂ ನಕ್ಕೆ.”

ಒಂಬತ್ತು ವರ್ಷದಲ್ಲಿ ಅವನು ಆ ದಿನದ ಮಾತೆತ್ತಿದ್ದು ಅದೇ ಮೊದಲು. ಅವಳು ಬಹಳ ಹೊತ್ತು ಅತ್ತಳು. ಅವನು ಎದ್ದು ಹೋಗಲಿಲ್ಲ.

ಮರುದಿನ ಹೋದಳು, ಒಂದು ಷರತ್ತಿನ ಮೇಲೆ. ಬಾಯಿ ಮುಚ್ಚಿದ್ದು ಯಾವುದೇ ಇರಲಿ, ದಳದವರು ಕೊಯ್ದು ತೋರಿಸದೆ ಒಳಗೆ ಬರಕೂಡದು. ಅಧ್ಯಕ್ಷರು ತಡವಾಗುತ್ತದೆ ಎಂದು ಹಣೆ ಚಚ್ಚಿಕೊಂಡರು. ಶಿಲ್ಪಿ, “ಆಗಲಿ ತಡ” ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ವಾರಕ್ಕೊಮ್ಮೆ ವ್ಯಾನು ಬರತೊಡಗಿತು. ಮದ್ದು ಉಳಿದದ್ದು ಇನ್ನೂ ಎರಡು ಸಿಕ್ಕವು. ಸಿಕ್ಕ ದಿನಗಳಲ್ಲಿ ತೋಟದಕ್ಕನಿಗೆ ಅನ್ನ ಸೇರುತ್ತಿರಲಿಲ್ಲ. ಉದ್ದಣ್ಣ ಹೂವಿನ ಮಾತು ಎತ್ತುವುದನ್ನು ಬಿಟ್ಟಿದ್ದ.

ಎರಡನೇ ಸಲ ಮಡಿಲಿನ ಎರಕ ಇಟ್ಟುಕೊಂಡಾಗ ಏಳು ವಾರ ಕಳೆದಿತ್ತು. ಈ ಸಲ ಸಾಲು ಗಲ್ಲಿಯಾಚೆಯ ಗೋಡೆಯ ಹಿಂದೆ. ತಂದ ಸಾಮಾನನ್ನೆಲ್ಲ ಅಲ್ಲೇ ಇಸಿದುಕೊಂಡು ಒಳಗೆ ತಂದವಳು ತೋಟದಕ್ಕ. ಮೂಸೆ ಬಿಳುಪಿಗೆ ತಿರುಗುವಷ್ಟು ಕಾಯಿತು. ಮೇಸ್ತ್ರಿ, ಉದ್ದಣ್ಣ, ಇನ್ನಿಬ್ಬರು ಆಳುಗಳು ಇಕ್ಕಳ ಹಿಡಿದು ಮೂಸೆಯನ್ನು ಎತ್ತಿ ಅಚ್ಚಿನ ಬಾಯಿಗೆ ತಂದರು. ಅಷ್ಟರಲ್ಲಿ ಮೇಸ್ತ್ರಿ ಕತ್ತು ತಿರುಗಿಸಿ ಅವಳನ್ನು ನೋಡಿದ.

“ಸುರೀಲಾ?”

ಕರಗಿದ ಮೇಲೆ ನೋಡಲು ಏನೂ ಇರಲಿಲ್ಲ. ಆದರೂ ಅವಳು ಮೂಸೆಯನ್ನು ನೋಡಿದಳು, ಬರಿದಾದ ಕಟ್ಟೆಯನ್ನು ನೋಡಿದಳು, ಮಗಳು ಗೋಡೆಯಾಚೆಗೇ ಇದ್ದಾಳೆಯೇ ಎಂದು ಬಾಗಿಲಾಚೆ ನೋಡಿದಳು. ನಾಲ್ವರ ತೋಳುಗಳಲ್ಲೂ ನರ ಉಬ್ಬಿದ್ದವು. ಬೇಗ ಹೇಳು ಎಂದು ಯಾರೂ ಅನ್ನಲಿಲ್ಲ.

“ಸುರೀರಿ ಭಾವ” ಎಂದಳು.

ಹೇಳಿದವಳೇ ಕಣ್ಣು ಮುಚ್ಚಿಕೊಂಡಳು. ಲೋಹ ಅಚ್ಚಿಗೆ ಇಳಿಯುವ ಗುಳುಗುಳು ಸದ್ದು ಕೇಳಿಸಿತು, ಮುಖಕ್ಕೆ ಕಾವು ಬಡಿಯಿತು. ಅಚ್ಚು ತುಂಬಿ, ಮೂಸೆ ಕೆಳಗಿಳಿದು, ಆಳುಗಳು ಉಸ್ಸೆಂದು ಕೂತು ನೀರು ಕೇಳಿದರೂ ಅವಳು ಕಣ್ಣು ಬಿಡಲಿಲ್ಲ. ಮಗಳು ಒಳಗೆ ಬಂದು ಭುಜ ಮುಟ್ಟಿ, “ಆಯ್ತಮ್ಮ, ಎಲ್ಲ ಆಯ್ತು” ಎಂದ ಮೇಲೂ, “ಇನ್ನೂ ಸ್ವಲ್ಪ ತಣಿಯಲಿ ಇರು” ಎಂದು ಗೋಡೆ ಹಿಡಿದುಕೊಂಡೇ ನಿಂತಿದ್ದಳು.